ಸಾಕವ್ವನಿಂದ ಪುಟ್ಟಕ್ಕನವರೆಗೆ

ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಿಗೆ ಕಳೆದುಹೋದ ತನ್ನ ಹುಂಜದ್ದೇ ಚಿಂತೆ. ಬೈಗುಳ, ಅಳು, ಮೊಮ್ಮಕ್ಕಳ ಮೇಲಿನ ಅಕ್ಕರೆ ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬರುವ ಮುದುಕಿ ಆಕೆ. ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಈ ಪಾತ್ರ ರಂಗಕ್ಕೆ ಬಂದಾಗ ಅದನ್ನು ಹೊತ್ತ ಉಮಾಶ್ರೀ ಇನ್ನೂ ಚಿಕ್ಕ ಪ್ರಾಯದವರು. ಕನ್ನಡದ ರಂಗಾಸಕ್ತರು ಇಂದಿಗೂ ಸಾಕವ್ವ ಎಂದೊಡನೆ ಅವರನ್ನೇ ನೆನೆಯುತ್ತಾರೆ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಸಿನಿಮಾ ಪ್ರೇಕ್ಷಕರಿಗೆ ಅವರ ಗುರುತು ಹತ್ತಿದ್ದು 1984ರ ಕಾಶೀನಾಥ್ ಚಿತ್ರ ‘ಅನುಭವ’ದಿಂದ. ಆಮೇಲೆ ಚಿತ್ರರಂಗ ಅವರನ್ನು ವರ್ಷಗಟ್ಟಲೆ ಹಾಸ್ಯಕ್ಕೆ, ಅದರಲ್ಲೂ ದ್ವಂದ್ವಾರ್ಥದ ಮಾತುಗಳಿಗೆ ಕಟ್ಟಿಹಾಕಿತು. ಅಂಥ ದೃಶ್ಯಗಳಲ್ಲೂ ಅವರ ಮಾತಿನ ಲಯ ತಪ್ಪಿದ್ದಿಲ್ಲ. ಆದರೂ ಇಷ್ಟು ದೊಡ್ಡ ನಟಿಗೆ ಅಷ್ಟು ಸಣ್ಣ ಪಾತ್ರಗಳನ್ನು ಕೊಟ್ಟದ್ದು ಅನ್ಯಾಯವೆಂದೇ ನನ್ನ ಭಾವನೆ.

ಆ ಬಾಕಿ ತೀರಿಸಿದವರು ಗಿರೀಶ ಕಾಸರವಳ್ಳಿ. ವೈದೇಹಿಯವರ ಕತೆಯನ್ನು ಆಧರಿಸಿದ ‘ಗುಲಾಬಿ ಟಾಕೀಸು’ ಚಿತ್ರದಲ್ಲಿ ಉಮಾಶ್ರೀ ಕರಾವಳಿಯ ಸೂಲಗಿತ್ತಿ ಗುಲಾಬಿ. ಗಂಡ ಬಿಟ್ಟು ಹೋಗಿದ್ದಾನೆ. ಸಿನಿಮಾ ಎಂದರೆ ಈಕೆಗೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಡಿಶ್ ಆಂಟೆನಾ ಸಮೇತ ಟೀವಿ ಮನೆಗೆ ಬಂದ ಮೇಲೆ, ಮುಸ್ಲಿಂ ಹೆಂಗಸಿನ ಮನೆಯೆಂದು ಹಿಂಜರಿಯುತ್ತಿದ್ದ ಊರ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಜನ ಬರತೊಡಗಿದಾಗ ಗುಲಾಬಿಯ ಮುಖದಲ್ಲಿ ಮೂಡುವ ಸಂಭ್ರಮವನ್ನು ಉಮಾಶ್ರೀ ಎಲ್ಲೂ ಹಿಗ್ಗಿಸುವುದಿಲ್ಲ. ಕಾರ್ಗಿಲ್ ಯುದ್ಧದ ಹೊತ್ತಿನ ಅನುಮಾನಗಳು ಊರೊಳಗೆ ನುಗ್ಗಿದಾಗ ಅದೇ ಮುಖ ಬಾಡುವುದಕ್ಕೂ ದೊಡ್ಡ ಸಂಭಾಷಣೆ ಬೇಕಾಗಲಿಲ್ಲ. ಈ ಪಾತ್ರಕ್ಕೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಕಾಸರವಳ್ಳಿಯವರದೇ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ವೈಜನಾಥ ಬಿರಾದಾರ್ ಜೊತೆ ಮಾಡಿದ ರುದ್ರಿಯೂ ಅಷ್ಟೇ ಗಟ್ಟಿ ಪಾತ್ರ.

ನಡುವೆ ರಾಜಕೀಯವಿತ್ತು. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದರು, ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೂ ನೋಡಿಕೊಂಡರು.

ಗುಲಾಬಿಯ ಮನೆಯ ಹೆಂಗಸರಂತೆ ಟೀವಿ ಮುಂದೆ ಕೂರುವ ಲಕ್ಷಾಂತರ ಜನರ ಎದುರು ಅವರು ಮತ್ತೆ ಬಂದದ್ದು 2021ರ ಡಿಸೆಂಬರಿನಲ್ಲಿ, ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ. ಗಂಡು ಮಗು ಹೆರಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿ ಪುಟ್ಟಕ್ಕ. ದಿನವೂ ಕಂತು ತುಂಬಿಸಬೇಕಾದ ಧಾರಾವಾಹಿಯಲ್ಲಿ ಅಳು ಅತಿಯಾಗುವುದು ಸುಲಭ. ಉಮಾಶ್ರೀ ಕೈಗೆ ಕೆಲಸ ಕೊಟ್ಟುಕೊಳ್ಳುತ್ತಾರೆ: ಒಲೆ, ಪಾತ್ರೆ, ಬಡಿಸುವ ಸೌಟು. ಅರ್ಧ ದುಃಖವನ್ನು ಆ ಕೈಗಳೇ ಹೇಳುತ್ತವೆ. ಉಳಿದರ್ಧಕ್ಕೆ ಹಳೇ ಮೈಸೂರು ಸೀಮೆಯ ಹಳ್ಳಿ ಮಾತಿದೆ. ಸಾಕವ್ವನ ಕಾಲದಿಂದಲೂ ಅವರು ಬಿಡದ ಗುಣ ಇದು. ಪಾತ್ರದ ಬಡತನವನ್ನು ಅವರು ಕರುಣೆಗಾಗಿ ಒಡ್ಡುವುದಿಲ್ಲ, ಅದರೊಳಗೇ ನಿಂತು ಗದರುತ್ತಾರೆ, ನಗುತ್ತಾರೆ.

ಇಷ್ಟೆಲ್ಲದರ ಜೊತೆಗೆ ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನೂ ಅವರು ಆಡಿದ್ದಾರೆ. ಕ್ಯಾಮೆರಾದ ಆಸರೆಯಾಗಲಿ ಸಹನಟರ ಆಸರೆಯಾಗಲಿ ಇಲ್ಲದ, ಅರಮನೆಯ ಮಗಳು ದಾಸಿಯಾಗುವ ಆ ಕತೆಯನ್ನು ಆರಿಸಿಕೊಳ್ಳುವಾಗ ಅವರಿಗೆ ಅರವತ್ತರ ಆಸುಪಾಸು.