ಸಿಗಡಿಯ ಕಪ್ಪು ತಡೆದ ಅಂಜೂರದ ಸೊನೆ

ಮಂಗಳೂರಿನ ದಕ್ಕೆಯಲ್ಲಿ ಸಿಗಡಿಗೆ, ಅಂದರೆ ಇಲ್ಲಿನವರ ಎಟ್ಟಿಗೆ, ಐಸು ಸಾಲದೆ ಹೋದರೆ ಮೊದಲು ತಲೆ ಕಪ್ಪಾಗುತ್ತದೆ, ಆಮೇಲೆ ಚಿಪ್ಪು. ಮಾಂಸ ಕೆಟ್ಟಿರುವುದಿಲ್ಲ, ಆದರೂ ಬೆಲೆ ಬಿದ್ದುಹೋಗುತ್ತದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಟೈರೋಸಿನೇಸ್‌ಗೆ ಹತ್ತಿರದ ಒಂದು ಕಿಣ್ವ ಸಿಗಡಿಯಲ್ಲಿದೆ. ಜೀವ ಹೋದ ಮೇಲೂ ಅದು ಗಾಳಿಯ ಆಮ್ಲಜನಕ ಬಳಸಿ ಮೆಲನಿನ್ ಕಟ್ಟುತ್ತಲೇ ಇರುತ್ತದೆ. ಹೆಚ್ಚಿಟ್ಟ ಬದನೆ ಕಪ್ಪಾಗುವುದೂ ಇಂಥದೇ ಕಿಣ್ವದಿಂದ.

ಇದಕ್ಕೆ ಬಹುಕಾಲದ ಮದ್ದು ಸಲ್ಫೈಟ್ ಲವಣ. ಅದು ಕೆಲವು ಆಸ್ತಮಾ ರೋಗಿಗಳ ಉಸಿರು ಕಟ್ಟಿಸುತ್ತದೆಂದು ಗೊತ್ತಾಗಿ, ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಅದನ್ನು ಬಳಸಬಾರದೆಂದು ಅಮೆರಿಕ 1986ರಲ್ಲಿ ನಿಷೇಧಿಸಿತು. ಬೇರೆ ದಾರಿಯ ಹುಡುಕಾಟಕ್ಕೆ ಬಿರುಸು ಬಂತು.

ಮಿನ್ನೆಸೋಟ ವಿಶ್ವವಿದ್ಯಾಲಯದ ಲಬುಜಾ ಅವರ ತಂಡ ಅಂಜೂರದ ಸೊನೆಯ ಫಿಸಿನ್ ಹಿಡಿಯಿತು. ಫಿಸಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಬಣ್ಣ ಕಟ್ಟುವ ಕಿಣ್ವವೂ ಪ್ರೋಟೀನೇ ಆದ್ದರಿಂದ ಅದನ್ನು ಫಿಸಿನ್ ಕತ್ತರಿಸಿಹಾಕುತ್ತದೆ ಎಂಬ ವಿವರಣೆ ಎಲ್ಲರಿಗೂ ಒಪ್ಪುವಂತಿತ್ತು. ಆರ್ಥರ್ ಮೆಕ್‌ಇವಿಲಿ, ರಾಧಾ ಅಯ್ಯಂಗಾರ್ ಮತ್ತು ಸಂಗಡಿಗರು ಅಲ್ಲಿಗೆ ಸುಮ್ಮನಾಗಲಿಲ್ಲ. ಫಿಸಿನ್ ಅನ್ನು ಕಾಯಿಸಿ, ಅದರ ಕತ್ತರಿಸುವ ಶಕ್ತಿಯನ್ನೇ ಕಳೆದು ನೋಡಿದರು. ಆಗಲೂ ಕಪ್ಪು ನಿಂತಿತು! ಕೆಲಸ ಮಾಡುತ್ತಿದ್ದುದು ಫಿಸಿನ್ ಅಲ್ಲ, ಅದರ ಜೊತೆಗೆ ಸೊನೆಯಿಂದ ಬಂದ, ಬಿಸಿಗೆ ಜಗ್ಗದ ಇನ್ನೇನೋ. ಈ ಕತೆಯಲ್ಲಿ ನನಗೆ ಅತಿ ದೊಡ್ಡದೆನಿಸುವುದು ಈ ಸರಳ ಪರೀಕ್ಷೆಯೇ.

ಬೇರ್ಪಡಿಸಿದಾಗ ಸಿಕ್ಕಿದವು ರಿಸಾರ್ಸಿನಾಲ್ ಉಂಗುರಕ್ಕೆ ಬಾಲ ಅಂಟಿದ ಸಣ್ಣ ಅಣುಗಳು. ಅದೇ ಮನೆತನದ ಬೇರೆ ಅಣುಗಳನ್ನೂ ಪರೀಕ್ಷಿಸಿ ಕೊನೆಗೆ ಆರಿಸಿದ್ದು ಹೆಕ್ಸೈಲ್ ರಿಸಾರ್ಸಿನಾಲ್. ಗಂಟಲಿನ ಮಾತ್ರೆಗಳಲ್ಲಿ ಮೊದಲೇ ಬಳಕೆಯಲ್ಲಿದ್ದದ್ದು ಅದಕ್ಕೆ ಅನುಕೂಲವಾಯಿತು. ಫ್ಲಾರಿಡಾದ ಆಟ್‌ವೆಲ್ ಜೊತೆಗೂಡಿ ಸಿಗಡಿಯ ಮೇಲಿನ ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ಲೀಟರ್ ನೀರಿಗೆ 12.5 ಗ್ರಾಂ ಸಲ್ಫೈಟ್ ಬೇಕಾಗುತ್ತಿದ್ದಲ್ಲಿ ಇದು 50 ಮಿಲಿಗ್ರಾಂ ಸಾಕು. ಒಂದು ನಿಮಿಷ ಅದ್ದಿ ತೆಗೆದರಾಯಿತು.

ಅಂಜೂರದ ಕುಲದವೇ ಆದ ಅತ್ತಿ, ಗೋಳಿ ಮರಗಳು ನಮ್ಮ ಕರಾವಳಿಯ ಊರೂರಲ್ಲಿವೆ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಈ ಸೊನೆಗಳನ್ನೂ ಎಟ್ಟಿಯ ಮೇಲೆ ಪರೀಕ್ಷಿಸಲಿ, ಕಾಯಿಸಿದ್ದನ್ನೂ ಕಾಯಿಸದ್ದನ್ನೂ ಅಕ್ಕಪಕ್ಕ ಇಟ್ಟೇ ನೋಡಲಿ.