ಕುದಿಯದ ಪಾತ್ರೆಯೊಳಗೆ ಟ್ಯಾಕೊ ಸೂಪು

ಜನವರಿಯ ಒಂದು ಮಂಗಳವಾರ, ಡಲ್ಲಾಸ್‌ನಲ್ಲಿರುವ ತಂಗಿಯ ಮನೆ. ಬೆಳಗ್ಗೆ ಏಳೂವರೆಗೆ ಅವಳು ಅಡುಗೆಕಟ್ಟೆಯ ಮೇಲಿದ್ದ ದಪ್ಪ ಪಿಂಗಾಣಿ ಪಾತ್ರೆಗೆ ಟೊಮ್ಯಾಟೊ, ಕಾಳು, ಮೆಕ್ಕೆಜೋಳ, ಮಸಾಲೆ ಎಲ್ಲ ಸುರಿದು, ಗಾಜಿನ ಮುಚ್ಚಳ ಮುಚ್ಚಿ, ಗುಂಡಿಯನ್ನು ‘ಲೋ’ ಕಡೆಗೆ ತಿರುಗಿಸಿ ಕೆಲಸಕ್ಕೆ ಹೊರಟಳು. ಬಾಗಿಲ ಬಳಿ ತಿರುಗಿ ನಿಂತು ಹೇಳಿದ್ದು ಒಂದೇ ಮಾತು: “ಅಕ್ಕಾ, ದಮ್ಮಯ್ಯ, ಮುಚ್ಚಳ ತೆಗೆದು ನೋಡ್ಬೇಡ.”

ಇಡೀ ದಿನ ಆ ಪಾತ್ರೆಯ ಜೊತೆ ಒಬ್ಬಳೇ ಇದ್ದೆ. ಸೀಟಿಯಿಲ್ಲ, ಕುದಿಯುವ ಸದ್ದಿಲ್ಲ, ಉಕ್ಕುವುದಿಲ್ಲ. ಮುಚ್ಚಳದ ಒಳಮೈಗೆ ಹನಿಗಟ್ಟಿದ್ದು ಬಿಟ್ಟರೆ ಅದು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತೇ ಇರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಮನೆಯೆಲ್ಲ ಜೀರಿಗೆಯ ಪರಿಮಳ. ಸಂಜೆ ಆರೂವರೆಗೆ ಮಕ್ಕಳು ಬಟ್ಟಲು ಹಿಡಿದು ಕೂತಿದ್ದರು: ಗಟ್ಟಿಯಾದ, ಕೆನೆ ಬೆರೆತ, ಕಿತ್ತಳೆಗೆಂಪು ಬಣ್ಣದ ಟ್ಯಾಕೊ ಸೂಪು.

ಟ್ಯಾಕೊ ಎಂದರೆ ಮೆಕ್ಸಿಕೊದವರು ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮಡಿಚಿ, ಒಳಗೆ ಮಾಂಸವನ್ನೋ ಕಾಳನ್ನೋ ತುಂಬಿ ತಿನ್ನುವ ತಿಂಡಿ. ಸೂಪು ಮಾತ್ರ ಗಡಿಯ ಉತ್ತರಕ್ಕೆ, ಅಮೆರಿಕದ ಮನೆಗಳಲ್ಲಿ ಹುಟ್ಟಿದ್ದು. ದನದ ಮಾಂಸದ ಖೀಮಾ, ಎರಡು ಮೂರು ಬಗೆಯ ಡಬ್ಬಿ ಕಾಳು, ಮೆಕ್ಕೆಜೋಳ, ಹಸಿಮೆಣಸು ಬೆರೆತ ಟೊಮ್ಯಾಟೊ, ಒಂದು ಪೊಟ್ಟಣ ಟ್ಯಾಕೊ ಮಸಾಲೆ: ಅಲ್ಲಿಯ ವಾಡಿಕೆಯ ಸಾಮಾನು ಇಷ್ಟೇ. ಕೆನೆ ಬೇಕೆನ್ನುವವರು ಕೊನೆಗೆ ಕ್ರೀಮ್ ಚೀಸ್ ಸೇರಿಸುತ್ತಾರೆ. ತಂಗಿಯ ಮನೆಯಲ್ಲಿ ಖೀಮಾದ ಜಾಗಕ್ಕೆ ಇನ್ನೊಂದಿಷ್ಟು ಕಾಳು. ಮಿಕ್ಕಿದ್ದೆಲ್ಲ ಹಾಗೆಯೇ.

ಅಡುಗೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಯಂತ್ರ, ಸ್ಲೋ ಕುಕ್ಕರ್. ಅದರೊಳಗೆ ಇರುವುದು ತೀರಾ ಕಡಿಮೆ. ಹೊರಗೊಂದು ಲೋಹದ ಕವಚ, ಅದರ ಗೋಡೆಗೆ ಸುತ್ತಿದ ಬಿಸಿಯಾಗುವ ತಂತಿ, ಒಳಗೆ ಕೂರುವ ಭಾರದ ಪಿಂಗಾಣಿ ಪಾತ್ರೆ. ನಮ್ಮ ಒಲೆಯಲ್ಲಿ ಬೆಂಕಿ ತಳಕ್ಕೆ ತಾಗುತ್ತದೆ, ಹಾಗಾಗಿ ತಳ ಹಿಡಿಯುತ್ತದೆ. ಇಲ್ಲಿ ಶಾಖ ಪಕ್ಕದ ಗೋಡೆಗಳಿಂದ, ದಪ್ಪ ಪಿಂಗಾಣಿಯ ಮೂಲಕ ನಿಧಾನವಾಗಿ ಒಳಗೆ ಇಳಿಯುತ್ತದೆ. ಪಿಂಗಾಣಿ ಬಿಸಿಯಾಗುವುದೂ ತಡ, ಆರುವುದೂ ತಡ. ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುವ ತೊಂದರೆಯನ್ನು ಆ ಮಂದಗತಿಯೇ ತಪ್ಪಿಸುತ್ತದೆ.

ಈ ಕುಕ್ಕರ್ ಎಳೆಯುವ ವಿದ್ಯುತ್ತು ಸುಮಾರು 250 ವಾಟ್, ಮನೆಯ ಇಸ್ತ್ರಿಪೆಟ್ಟಿಗೆಯ ಕಾಲು ಭಾಗ. ಒಂದು ಲೆಕ್ಕ ಹಾಕಿ ನೋಡಿದೆ. ಐದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 95ಕ್ಕೆ ಏರಿಸಲು, ಒಂದಿಷ್ಟೂ ಶಾಖ ಪೋಲಾಗುವುದಿಲ್ಲ ಎಂದುಕೊಂಡರೂ, ಇಷ್ಟು ವಿದ್ಯುತ್ತಿಗೆ ಒಂದೂಮುಕ್ಕಾಲು ಗಂಟೆ ಬೇಕು. ನಿಜದಲ್ಲಿ ಕವಚದಿಂದ, ಮುಚ್ಚಳದಿಂದ ಶಾಖ ಸೋರುತ್ತಲೇ ಇರುತ್ತದೆ, ಆದ್ದರಿಂದ ಇನ್ನೂ ಹೆಚ್ಚು ಹೊತ್ತು. ‘ಹೈ’ಗೂ ‘ಲೋ’ಗೂ ಇರುವ ವ್ಯತ್ಯಾಸವನ್ನು ಹೊಸಬರು ತಪ್ಪಾಗಿ ತಿಳಿಯುವುದುಂಟು. ಸಾಮಾನ್ಯವಾಗಿ ಎರಡೂ ಕೊನೆಗೆ ಮುಟ್ಟುವುದು ಕುದಿಬಿಂದುವಿನ ಹೊಸ್ತಿಲನ್ನೇ. ಹೈ ಅಲ್ಲಿಗೆ ಮೂರು ನಾಲ್ಕು ಗಂಟೆಯಲ್ಲಿ ಹೋಗುತ್ತದೆ, ಲೋ ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ ಬೇಕಾದದ್ದು ಆ ತಡವೇ.

ಮುಚ್ಚಳದ ಗುಟ್ಟೂ ಇಲ್ಲೇ ಇದೆ. ಏರುವ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಹನಿ ಅಂಚಿಗೆ ಇಳಿದು ಪಾತ್ರೆಗೂ ಮುಚ್ಚಳಕ್ಕೂ ನಡುವೆ ನೀರಿನದೊಂದು ತೆಳು ಬಂಧ ಕಟ್ಟುತ್ತದೆ. ಮುಚ್ಚಳ ಎತ್ತಿದರೆ ಆ ಬಂಧ ಒಡೆಯುತ್ತದೆ, ಹಬೆಯೊಡನೆ ಶಾಖವೂ ಹೋಗುತ್ತದೆ. ಗ್ಯಾಸ್ ಒಲೆ ಆ ನಷ್ಟವನ್ನು ನಿಮಿಷದಲ್ಲಿ ತುಂಬಿಕೊಡುತ್ತದೆ. 250 ವಾಟ್‌ನ ತಂತಿಗೆ ಹದಿನೈದಿಪ್ಪತ್ತು ನಿಮಿಷ ಬೇಕು. ತಂಗಿ ದಮ್ಮಯ್ಯ ಎಂದದ್ದು ಅದಕ್ಕೆ.

ಇದರ ಹುಟ್ಟಿನ ಕಥೆ ನನಗೆ ಬಹಳ ಪ್ರಿಯ. ಲಿಥುವೇನಿಯಾದ ಯಹೂದಿ ಕುಟುಂಬಗಳಲ್ಲಿ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಒಲೆ ಹೊತ್ತಿಸುವಂತಿರಲಿಲ್ಲ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಆಗಲೇ ಶುರು. ಹಾಗಾಗಿ ಕಾಳು, ಧಾನ್ಯ, ಮಾಂಸ ತುಂಬಿದ ಗಡಿಗೆಯನ್ನು ಹೊತ್ತು ಮುಳುಗುವ ಮೊದಲೇ ಊರಿನ ಬೇಕರಿಗೆ ಒಯ್ದು, ಆರುತ್ತಿರುವ ಒಲೆಯೊಳಗೆ ಇಡುತ್ತಿದ್ದರು. ಉಳಿದ ಬಿಸಿಯಲ್ಲೇ ರಾತ್ರಿಯಿಡೀ ಬೆಂದ ಆ ಅಡುಗೆಯ ಹೆಸರು ಚೋಲೆಂಟ್. ತನ್ನ ಬಾಲ್ಯದ ಈ ಕಥೆಯನ್ನು ತಾಯಿಯೊಬ್ಬಳು ಅಮೆರಿಕದಲ್ಲಿ ಮಗನಿಗೆ ಹೇಳಿದಳು. ಮಗ ಇರ್ವಿಂಗ್ ನ್ಯಾಕ್ಸನ್ ಎಂಜಿನಿಯರ್. ಅವನು 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1940ರಲ್ಲಿ ಅದನ್ನು ಪಡೆದ. ಯಂತ್ರವನ್ನು ಕಾಳಿನ ಹೆಸರಿನಲ್ಲೇ ‘ನ್ಯಾಕ್ಸನ್ ಬೀನರಿ’ ಎಂದು ಮಾರಿದ. 1970ರಲ್ಲಿ ರೈವಲ್ ಕಂಪನಿ ಅವನ ವ್ಯವಹಾರವನ್ನು ಕೊಂಡು, ಮರುವರ್ಷ ಅದನ್ನೇ ತಿದ್ದಿ ‘ಕ್ರಾಕ್‌ಪಾಟ್’ ಎಂದು ಹೊರತಂದಿತು. ಹೆಂಗಸರು ಹೆಚ್ಚು ಹೆಚ್ಚಾಗಿ ಹೊರಗಿನ ಕೆಲಸಕ್ಕೆ ಹೋಗತೊಡಗಿದ್ದ ಕಾಲ ಅದು. ಆಮೇಲೆ ಆ ಹೆಸರು ಅಮೆರಿಕದ ಮನೆಮಾತಾಯಿತು. ಒಲೆ ಆರಿದ ಮೇಲೆ ಕೆಂಡದ ಮೇಲೆ ಹಾಲಿನ ಗಡಿಗೆ ಇಟ್ಟು, ಸಂಜೆಗೆ ಬೆರಳು ದಪ್ಪದ ಕೆನೆ ತೆಗೆಯುತ್ತಿದ್ದ ನಮ್ಮಜ್ಜಿಗೆ ಆ ಬೇಕರಿಯ ಒಲೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಈ ಯಂತ್ರಕ್ಕೆ ಬರುವುದು ಒಂದೇ ಶಾಖ, ಅದೂ ಕುದಿಯ ಈಚೆಗಿನದು. ಹೆಚ್ಚಿನ ಬಿಸಿ ಬೇಡುವುದನ್ನು ಮೊದಲೇ ಬೇರೆ ಒಲೆಯಲ್ಲಿ ಮುಗಿಸಬೇಕು. ಅಷ್ಟು ಬಿಸಿ ತಡೆಯದ್ದನ್ನು ಕೊನೆಗೆ ಹಾಕಬೇಕು. ಟ್ಯಾಕೊ ಸೂಪಿನ ಹದ ಪೂರ್ತಿ ನಿಂತಿರುವುದು ಈ ಹಿಂದುಮುಂದಿನ ಮೇಲೆ.

ಈರುಳ್ಳಿಯನ್ನೇ ನೋಡಿ. ಬಾಣಲೆಯಲ್ಲಿ ಕೆಂಪಗೆ ಹುರಿದಾಗ ಬರುವ ರುಚಿ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿದಾಗ ಹುಟ್ಟುವಂಥದ್ದು. ಅದಕ್ಕೆ ಮೇಲಾರ್ಡ್ ಕ್ರಿಯೆ ಎಂದು ಹೆಸರು. ಅದು ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಒತ್ತಡವಿಲ್ಲದೆ ನೀರಿರುವ ಪಾತ್ರೆ 100 ದಾಟುವುದಿಲ್ಲ. ಎಂಟು ಗಂಟೆ ಇಟ್ಟರೂ ಬಾಣಲೆಯ ಆ ರುಚಿ ಅದರಲ್ಲಿ ಬಾರದು. ಆದ್ದರಿಂದ ಈರುಳ್ಳಿ, ಬೆಳ್ಳುಳ್ಳಿ, ಖೀಮಾ ಹಾಕುವವರಾದರೆ ಅದನ್ನೂ, ಮೊದಲು ಬಾಣಲೆಯಲ್ಲಿ ಹುರಿಯಬೇಕು. ಐದು ನಿಮಿಷ ಉಳಿಸಲು ಇದನ್ನು ಬಿಟ್ಟರೆ ಸೂಪು ಬೇಯಿಸಿದ ತರಕಾರಿಯ ನೀರಿನಂತೆ ಸಪ್ಪೆ.

ಮಸಾಲೆಯನ್ನೂ ಅದೇ ಎಣ್ಣೆಗೆ ಹಾಕಬೇಕು. ಪೊಟ್ಟಣದಲ್ಲಿರುವುದು ಒಣಮೆಣಸಿನ ಪುಡಿ, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ. ಟೆಕ್ಸಸ್‌ಗೆ ಈ ರುಚಿಯನ್ನು ಪುಡಿಯ ರೂಪದಲ್ಲಿ ಕೊಟ್ಟವನು ವಿಲಿಯಂ ಗೆಬಾರ್ಟ್ ಎಂಬ ಜರ್ಮನ್ ವಲಸಿಗ. ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿ ಊಟದ ಮನೆ ನಡೆಸುತ್ತಿದ್ದ ಅವನಿಗೆ ಮೆಣಸಿನಕಾಯಿ ವರ್ಷವಿಡೀ ಸಿಗುತ್ತಿರಲಿಲ್ಲ. 1890ರ ದಶಕದಲ್ಲಿ ಮೆಕ್ಸಿಕೊದಿಂದ ಆಂಚೊ ಮೆಣಸಿನಕಾಯಿ ತರಿಸಿ, ಒಣಗಿಸಿ, ಪುಡಿ ಮಾಡಿ ಮಾರತೊಡಗಿದ. ಆಂಚೊ ಖಾರದಲ್ಲಿ ಸೌಮ್ಯ, ಬಣ್ಣ ಗಾಢ. ನಮ್ಮ ಬ್ಯಾಡಗಿಯ ಸ್ವಭಾವವೂ ಅದೇ. ಮೆಣಸಿನ ಖಾರದ ಕ್ಯಾಪ್ಸೈಸಿನ್, ಕೆಂಪು ಬಣ್ಣದ ವಸ್ತುಗಳು, ಜೀರಿಗೆಯ ಪರಿಮಳದ ಎಣ್ಣೆ, ಮೂರೂ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಮಸಾಲೆಯನ್ನು ನೇರ ನೀರಿಗೆ ಸುರಿದರೆ ಅದು ಪುಡಿಯಾಗಿಯೇ ಉಳಿದು ನಾಲಗೆಗೆ ಮರಳಿನಂತೆ ತಾಗುತ್ತದೆ. ಒಗ್ಗರಣೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಾಳು. ಇಲ್ಲಿ ನಾನೊಂದು ತಪ್ಪು ಮಾಡಲಿದ್ದೆ. ಹಿಂದಿನ ರಾತ್ರಿ ರಾಜ್ಮಾ ನೆನೆಹಾಕಿದ್ದೆ, ಡಬ್ಬಿಯದ್ದು ಯಾಕೆ ಎಂದುಕೊಂಡು ಅದನ್ನೇ ನೇರ ಕುಕ್ಕರ್‌ಗೆ ಸುರಿಯಲು ಹೋದೆ. ತಂಗಿ ಕೈ ಹಿಡಿದಳು. “ಬೇಡಕ್ಕಾ, ಅದು ವಿಷ ಆಗುತ್ತೆ.” ಉತ್ಪ್ರೇಕ್ಷೆ ಅನ್ನಿಸಿತು. ಅಲ್ಲವೇ ಅಲ್ಲ.

ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ಪ್ರೋಟೀನ್ ಇದೆ. ಹಸಿ ಅಥವಾ ಅರೆಬೆಂದ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ನಿಜವಾದ ಅಪಾಯ ಅರೆಬಿಸಿಯಲ್ಲಿದೆ. ಕಾಳನ್ನು 80 ಡಿಗ್ರಿಯವರೆಗೆ ಮಾತ್ರ ಬಿಸಿ ಮಾಡಿದರೆ ಈ ವಿಷದ ಶಕ್ತಿ ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಸಿದೆ. ಸ್ಲೋ ಕುಕ್ಕರ್‌ನಲ್ಲಿ ಗಟ್ಟಿ ಅಡುಗೆಯ ನಡುಭಾಗ ಕೆಲವೊಮ್ಮೆ 75 ಡಿಗ್ರಿಯನ್ನೂ ದಾಟದೆ ನಿಂತುಬಿಡುತ್ತದೆ. ಕಾಳಿನ ಹೆಸರು ಹೊತ್ತು ಹುಟ್ಟಿದ ಪಾತ್ರೆಗೆ ಈ ಕಾಳು ಹಸಿಯಾಗಿ ಹೋಗಕೂಡದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆಯೇ ಅದು ಸೂಪಿಗೆ. ನಮ್ಮ ಪ್ರೆಶರ್ ಕುಕ್ಕರ್ ಸುಮಾರು 120 ಡಿಗ್ರಿ ಮುಟ್ಟುವುದರಿಂದ ಅದರಲ್ಲಿ ಪೂರ್ತಿ ಮೆತ್ತಗೆ ಬೆಂದ ರಾಜ್ಮಾದ ಚಿಂತೆ ಇಲ್ಲ. ಡಬ್ಬಿಯ ಕಾಳನ್ನು ಕಾರ್ಖಾನೆಯಲ್ಲೇ ಹಾಗೆ ಬೇಯಿಸಿರುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೆ ಮೊದಲ ಸ್ಲೋ ಕುಕ್ಕರ್ ಕೊಡಿಸುವ ಅಪ್ಪ ಅಮ್ಮಂದಿರು ಇದೊಂದನ್ನು ಹೇಳದೆ ಇರಬೇಡಿ.

ಕಾಳನ್ನು ಮೊದಲೇ ಬೇಯಿಸಲು ಇನ್ನೊಂದು ಕಾರಣವೂ ಇದೆ. ಟೊಮ್ಯಾಟೊದ ಹುಳಿ ಕಾಳಿನ ಕೋಶಗಳ ಗೋಡೆಯಲ್ಲಿರುವ ಪೆಕ್ಟಿನನ್ನು ಕರಗಲು ಬಿಡುವುದಿಲ್ಲ. ಡಬ್ಬಿ ಟೊಮ್ಯಾಟೊ ಹೋಳುಗಳು ಗಟ್ಟಿಯಾಗಿರಲೆಂದು ಸೇರಿಸುವ ಕ್ಯಾಲ್ಸಿಯಂ ಆ ಪೆಕ್ಟಿನನ್ನು ಇನ್ನಷ್ಟು ಬಿಗಿಯುತ್ತದೆ. ತೊಗರಿಬೇಳೆ ಬೆಂದ ಮೇಲೆಯೇ ಹುಣಸೆಹುಳಿ ಹಾಕಬೇಕು ಎನ್ನುವುದೂ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎನ್ನುವುದೂ ಇದೇ ರಸಾಯನಶಾಸ್ತ್ರ.

ಕೊನೆಯದು ಕೆನೆ. ಹಾಲನ್ನು ಬೆಳಗ್ಗೆಯೇ ಸುರಿದರೆ ಸಂಜೆಗೆ ಸೂಪಿನಲ್ಲಿ ಪನೀರಿನ ಚೂರು ತೇಲುತ್ತವೆ. ಹಾಲಿನ ಕೇಸಿನ್ ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ನೀರಿನಲ್ಲಿ ಹರಡಿಕೊಂಡಿರುತ್ತವೆ. ಹುಳಿ ಹೆಚ್ಚಾಗಿ ಪಿಎಚ್ 4.6ರ ಸಮೀಪಕ್ಕೆ ಬಂದರೆ ಆ ತಳ್ಳಾಟ ನಿಂತು ಕಣಗಳು ಗಂಟಾಗುತ್ತವೆ. ಬಿಸಿ ಇದ್ದರೆ ಅಷ್ಟು ಹುಳಿಯೂ ಬೇಕಾಗಿಲ್ಲ. ಟೊಮ್ಯಾಟೊ ಇರುವುದೇ ಆ ಆಸುಪಾಸಿನಲ್ಲಿ. ಗಟ್ಟಿ ಕೆನೆ ಸ್ವಲ್ಪ ತಾಳಿಕೊಳ್ಳುತ್ತದೆ, ಅದರಲ್ಲಿ ಜಿಡ್ಡು ಹೆಚ್ಚು, ಗಂಟಾಗುವ ಪ್ರೋಟೀನು ಕಡಿಮೆ. ಕ್ರೀಮ್ ಚೀಸ್‌ನ ಜಾಣ್ಮೆ ಬೇರೆ. ಅದು ಆಗಲೇ ಹುಳಿಯಿಂದ ಗಟ್ಟಿಯಾದ ಕೆನೆ, ಜೊತೆಗೆ ಬಿಡಿಬಿಡಿಯಾಗದಂತೆ ತಡೆಯುವ ಅಂಟು ಬೆರೆಸಿರುತ್ತಾರೆ. ಒಮ್ಮೆ ಒಡೆದು ನಯವಾದದ್ದು ಮತ್ತೆ ಒಡೆಯುವುದೇನು? ಆದರೂ ತಣ್ಣನೆಯ ಗಟ್ಟಿಯನ್ನು ಹಾಗೇ ಹಾಕಿದರೆ ಉಂಡೆಯಾಗಿ ಉಳಿಯುತ್ತದೆ. ತಂಗಿ ಮನೆಗೆ ಬಂದೊಡನೆ 225 ಗ್ರಾಮಿನಷ್ಟನ್ನು ಫ್ರಿಜ್ಜಿನಿಂದ ಹೊರಗಿಟ್ಟಳು. ಆರು ಗಂಟೆಗೆ ಅದಕ್ಕೆ ಎರಡು ಸೌಟು ಬಿಸಿ ಸೂಪು ಹಾಕಿ ನುಣ್ಣಗೆ ಕಲಸಿ, ಆಮೇಲೆ ಪಾತ್ರೆಗೆ ಬೆರೆಸಿದಳು. ಮಜ್ಜಿಗೆಹುಳಿಗೆ ಕಡಲೆಬೇಳೆ ಕಾಯಿ ರುಬ್ಬಿ ಹಾಕುವಾಗ ನಾವು ಮಾಡುವುದೂ ಹೀಗೊಂದು ರಕ್ಷಣೆಯನ್ನೇ. ಬೇಳೆಯ ಪಿಷ್ಟ ಮೊಸರಿನ ಕಣಗಳ ನಡುವೆ ಸೇರಿಕೊಂಡು ಅವು ಗಂಟಾಗದಂತೆ ಕಾಯುತ್ತದೆ.

ಕೆನೆ ಬೆರೆತೊಡನೆ ಖಾರವೂ ತಗ್ಗಿತು. ಕ್ಯಾಪ್ಸೈಸಿನ್ ಜಿಡ್ಡಿಗೆ ಹೋಗಿ ಸೇರುತ್ತದೆ, ಕೇಸಿನ್ನೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಮಸಾಲೆ ಹಾಗೆಯೇ ಇದ್ದರೂ ತಂಗಿಯ ಆರು ವರ್ಷದ ಮಗು ಎರಡನೇ ಸಲ ಬಟ್ಟಲು ಚಾಚಿತು. ಬಟ್ಟಲಿಗೆ ಬಡಿಸಿದ ಮೇಲೆ ಕೊತ್ತಂಬರಿ ಸೊಪ್ಪು, ಮುರಿದ ಟೋರ್ಟಿಯಾ ಚಿಪ್ಸ್, ನಿಂಬೆರಸ. ನಿಂಬೆಯ ಕಂಪು ಹಾರಿಹೋಗುವಂಥದ್ದು, ಅದಕ್ಕೆ ಬಟ್ಟಲೇ ಸರಿ.

ಉಳಿದದ್ದನ್ನು ತಂಗಿ ಪಾತ್ರೆಯಲ್ಲಿ ಬಿಡಲಿಲ್ಲ. ಅಗಲವಾದ ಎರಡು ಡಬ್ಬಿಗೆ ತೆಳ್ಳಗೆ ಸುರಿದು ಬೇಗ ಫ್ರಿಜ್ಜಿಗೆ ಸೇರಿಸಿದಳು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುತ್ತವೆ, ದಪ್ಪ ಪಿಂಗಾಣಿ ಆ ದಾರಿಯನ್ನು ಇಳಿಯುವಾಗಲೂ ನಿಧಾನ, ಹತ್ತುವಾಗಲೂ ನಿಧಾನ. ಮರುದಿನ ಬಿಸಿ ಮಾಡಿದ್ದು ಸಾಧಾರಣ ಒಲೆಯ ಮೇಲೆ. ನನ್ನ ತಟ್ಟೆಯಲ್ಲಿ ಬಿಸಿ ಅನ್ನವಿತ್ತು. ಹುಳಿ ಕಲಸುವ ಹಾಗೆ ಅದಕ್ಕೆ ಎರಡು ಸೌಟು ಹಾಕಿಕೊಂಡೆ.