ಹಸಿರು ಬೂಷ್ಟೆಲ್ಲ ಪೆನಿಸಿಲಿನ್ ಅಲ್ಲ



ಮಳೆಗಾಲದಲ್ಲಿ ಉಳಿದ ರೊಟ್ಟಿ, ಕೊಳೆತ ನಿಂಬೆಹಣ್ಣು, ಒದ್ದೆಯಾದ ಕಡಲೆಕಾಯಿ ಇವುಗಳ ಮೇಲೆ ಹಸಿರು ಬೂಷ್ಟು ಬರುವುದನ್ನು ನೀವು ಕಂಡೇ ಇದ್ದೀರಿ. “ಪೆನಿಸಿಲಿನ್ ಆಗೋದು ಬೂಷ್ಟಿನಿಂದಲೇ ಅಂತಾರಲ್ಲ ಸ್ವಾಮಿ, ಹಾಗಾದರೆ ಗಾಯಕ್ಕೆ ಇದನ್ನೇ ಯಾಕೆ ಹಚ್ಚಬಾರದು? ಬೂಷ್ಟು ಹಿಡಿದ ಹಿಂಡಿ ದನಕ್ಕೆ ಹಾಕಿದರೆ ಏನಾದೀತು?” ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಇವತ್ತು ಅದನ್ನೇ ವಿಚಾರ ಮಾಡೋಣ.

ಪೆನಿಸಿಲಿನ್ ಬೂಷ್ಟಿನಿಂದ ಬಂದದ್ದು ನಿಜ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬುವರು ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ಬೆಳೆಸಿದ್ದರು. ಒಂದು ತಟ್ಟೆಗೆ ಬೂಷ್ಟು ಬಿದ್ದು ಬೆಳೆಯಿತು. ಅದರ ಸುತ್ತಲಿನ ರೋಗಾಣುಗಳು ಕರಗಿಹೋಗಿದ್ದವು. ಆ ಬೂಷ್ಟು ಒಸರಿದ ವಸ್ತುವೇ ಪೆನಿಸಿಲಿನ್.

ಆದರೆ ಅದು ಯಾವ ಬೂಷ್ಟು? ಎಳೆಯದರಲ್ಲಿ ಭತ್ತದ ಪೈರೂ ಹಸಿರೇ, ಕಳೆಹುಲ್ಲೂ ಹಸಿರೇ. ತೆನೆ ಬಂದಾಗ ಗುಟ್ಟು ರಟ್ಟಾಗುತ್ತದೆ. ಬೂಷ್ಟಿಗೂ ಒಂದು ಬಗೆಯ ತೆನೆಯುಂಟು. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಪೆನಿಸಿಲಿಯಮ್ ವಂಶದ ತೆನೆ ಬಣ್ಣ ಬಳಿಯುವ ಕುಂಚದ ಹಾಗೆ ಕವಲೊಡೆದಿರುತ್ತದೆ. ಆಸ್ಪರ್‌ಜಿಲಸ್ ವಂಶದ್ದಕ್ಕೆ ಉಬ್ಬಿದ ತಲೆ. ಅದರ ಸುತ್ತ ಬೀಜಕಣಗಳ ಸರಗಳು.

ಇಷ್ಟರಿಂದ ವಂಶ ತಿಳಿಯಿತು, ಜಾತಿ ತಿಳಿಯಲಿಲ್ಲ. ಅದಕ್ಕಾಗಿ ಬೂಷ್ಟನ್ನು ಗೊತ್ತಾದ ಆಹಾರದ ಮೇಲೆ, ಗೊತ್ತಾದ ಶಾಖದಲ್ಲಿ ಒಂದು ವಾರ ಬೆಳೆಸುತ್ತಾರೆ. ಎಷ್ಟು ಹರಡಿತು, ಮೇಲಿನ ಬಣ್ಣವೇನು, ಅಡಿಯ ಬಣ್ಣವೇನು ಎಂದು ಬರೆದಿಡುತ್ತಾರೆ. ಇಷ್ಟು ಮಾಡಿಯೂ ಪಂಡಿತರು ಎಡವಿದ್ದುಂಟು. ಫ್ಲೆಮಿಂಗರ ಬೂಷ್ಟನ್ನು ಮೊದಲು ‘ರೂಬ್ರಮ್’ ಎಂದರು. ಅಮೆರಿಕದ ಚಾರ್ಲ್ಸ್ ಥಾಮ್ ಅವರು ಅದು ‘ನೊಟೇಟಮ್’ ಎಂದು ತಿದ್ದಿದರು. ಆಮೇಲೆ ಅದನ್ನು ‘ಕ್ರೈಸೋಜೀನಮ್’ ಜಾತಿಗೆ ಸೇರಿಸಿದರು. ಕೊನೆಗೆ 2011ರಲ್ಲಿ ವಂಶವಾಹಿಗಳನ್ನೂ ಪರೀಕ್ಷಿಸಿ ‘ರೂಬೆನ್ಸ್’ ಎಂದು ಗೊತ್ತುಮಾಡಿದರು. ಪಂಡಿತರಿಗೇ ಇಷ್ಟು ಕಷ್ಟವಾದದ್ದನ್ನು ನಾವು ಒಲೆ ಮುಂದೆ ಕೂತು ಕಣ್ಣಂದಾಜಿನಲ್ಲಿ ಹೇಳಲಾದೀತೇ?

ತಪ್ಪಿದರೆ ನಷ್ಟ ನಮ್ಮದೇ. ಕಡಲೆಕಾಯಿ, ಮೆಕ್ಕೆಜೋಳಗಳ ಮೇಲೆ ಬರುವ ಹಳದಿ ಮಿಶ್ರಿತ ಹಸಿರು ಬೂಷ್ಟು ಸಾಮಾನ್ಯವಾಗಿ ಆಸ್ಪರ್‌ಜಿಲಸ್ ಫ್ಲೇವಸ್. ಇದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಈ ವಿಷ ಈಲಿಯನ್ನು ಕೆಡಿಸುತ್ತದೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಸು ತಿಂದರೆ ಅದರ ಅಂಶ ಹಾಲಿಗೂ ಇಳಿಯುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳೇ ಅಲ್ಲವೇ?

ಆದ್ದರಿಂದ ಇಷ್ಟು ನೆನಪಿಡಿ. ಗಾಯಕ್ಕೆ ಬೂಷ್ಟು ಹಚ್ಚಬೇಡಿ. ಅದರ ಜೊತೆಯಲ್ಲಿ ಬೇರೆ ರೋಗಾಣುಗಳೂ ಇರುತ್ತವೆ. ಔಷಧಕ್ಕೆ ವೈದ್ಯರ ಬಳಿಗೇ ಹೋಗಿ. ಕಡಲೆಕಾಯಿ ಗಿಡ ಕಿತ್ತ ಮೇಲೆ ಕಾಯಿ ಮೇಲೆ ಬರುವಂತೆ ಹರಡಿ, ಅಲುಗಿಸಿದರೆ ಗಲಗಲ ಎನ್ನುವವರೆಗೆ ಒಣಗಿಸಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಷ್ಟು ಹಿಡಿದ ಕಾಯನ್ನು ಒಳ್ಳೆಯದರೊಂದಿಗೆ ಬೆರೆಸಬೇಡಿ. ಬೂಷ್ಟು ಹಿಡಿದ ಹಿಂಡಿ ನಾಲ್ಕು ಕಾಸಿನದಾಗಲಿ ನಲವತ್ತು ಕಾಸಿನದಾಗಲಿ, ಗುಂಡಿ ತೋಡಿ ಹೂಳಿಬಿಡಿ. ಹಿಂಡಿ ಮತ್ತೆ ಕೊಳ್ಳಬಹುದು. ಕೊಟ್ಟಿಗೆಯ ಹಸು ಹೋದರೆ ಮನೆಯೇ ನಡುಗುತ್ತದೆ.